ಅಕ್ಕನ ಮಂಡಿ, ಹೆಸರಿಲ್ಲದ ಪುಡಿ

ಮಂಡಿನೋವಿನ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದರು. ಬೆರೆಸಿದ್ದೇವೆ ಎಂದು ಹೇಳಲಿಲ್ಲ. ಬೆಟ್ಟದ ಬೇರು ಎಂದು ಹೇಳಿ ಮಾರಿದರು. ಇದು ತಪ್ಪು. ಇದಕ್ಕೆ ಬೇರೆ ಮೆತ್ತಗಿನ ಹೆಸರು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಬಳಸುವುದಿಲ್ಲ.

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ನಾಲ್ಕು ಜನ ಕೂತರೆ ಮಾತು ಮಳೆಯಿಂದ ಶುರುವಾಗಿ ಮಂಡಿಯಲ್ಲಿ ಮುಗಿಯುತ್ತದೆ. ಹಾಗಾಗಿ ಇಂಥ ಪ್ರಸಂಗಗಳಿಗೆ ಇಲ್ಲಿ ಕೊರತೆಯಿಲ್ಲ, ದಿನಾ ಒಂದು ಹುಟ್ಟುತ್ತದೆ. ನಾನು ಹೇಳುವುದೆಲ್ಲ ನನ್ನ ಅಕ್ಕನದು. ಅಜ್ಜಂಪುರದಲ್ಲಿ ಅವಳಿಗೊಂದು ಹಿಟ್ಟಿನ ಗಿರಣಿ ಇದೆ. ಭಾವ ತೀರಿಕೊಂಡ ಮೇಲೆ ಅವಳೇ ನಡೆಸುತ್ತಾಳೆ. ಇಡೀ ದಿನ ನಿಂತು ಕಾಳು ಸುರಿಯುವುದು, ಹಿಟ್ಟು ಹಿಡಿಯುವುದು. ನಿಲ್ಲಲು ಆಗದಿದ್ದರೆ ಗಿರಣಿ ಇಲ್ಲ. ಗಿರಣಿ ಇಲ್ಲದಿದ್ದರೆ ಅಕ್ಕ ಯಾರ ಮನೆಯ ಮೂಲೆಯಲ್ಲೋ ಕೂತು ಬದುಕಬೇಕು, ಅದು ಅವಳಿಂದ ಆಗದ ಕೆಲಸ. ವಿಷಯ ಇಷ್ಟೇ. ನಗು ಬಂದರೆ ನಗಿ. ನಾನೂ ನಕ್ಕಿದ್ದೇನೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಮುಖದ ಕಳೆ

ಪುಡಿ ತಿನ್ನಲು ಹತ್ತಿದ ಮೇಲೆ ಅಕ್ಕನ ಮಂಡಿನೋವು ಓಡಿಹೋಯಿತು. ಅದರ ಜೊತೆಗೆ ಮುಖ ದುಂಡಗಾಯಿತು. ಕೈಕಾಲು ಒಣಗಿದ ಕಡ್ಡಿ, ಕೆನ್ನೆ ಮಾತ್ರ ಉಬ್ಬಿದ ಪೂರಿ. ಕೈ ಎಲ್ಲಾದರೂ ಸ್ವಲ್ಪ ತಗುಲಿದರೆ ಸಾಕು, ಚರ್ಮದಡಿ ನೀಲಿ ಕಟ್ಟುತ್ತಿತ್ತು. ಇದೆಲ್ಲ ಔಷಧಿ ಮಾಡುವ ಹಾನಿ ಎಂದು ಆಮೇಲೆ ಡಾಕ್ಟರು ಹೇಳಿದರು. ಆದರೆ ನಮ್ಮ ಬೀದಿಯ ಕಣ್ಣಿಗೆ ಆ ಕೆನ್ನೆ ಲಕ್ಷ್ಮೀಕಳೆಯಾಗಿ ಕಂಡಿತು. ಗಿರಣಿಗೆ ಬಂದವರೆಲ್ಲ, "ಏನಕ್ಕಾ, ಈ ವಯಸ್ಸಲ್ಲಿ ಮುಖ ಹಿಂಗೆ ತುಂಬ್ಕೊಂಡೈತೆ, ಏನು ತಿಂತೀಯ?" ಅಂತ ಕೇಳುವುದೇ ಕೇಳುವುದು.

ನಮ್ಮ ಬೀದಿಯಲ್ಲೇ ಹೂವು ಕಟ್ಟಿ ಮಾರುವ ಹೆಂಗಸು ಒಬ್ಬಳಿದ್ದಾಳೆ. ಅವಳೂ ಮಂಡಿಗೆ ಇದೇ ಪುಡಿ ತಿನ್ನುತ್ತಿದ್ದಳು, ಆದರೆ ಅವಳ ಕೆನ್ನೆ ಇನ್ನೂ ಉಬ್ಬಿರಲಿಲ್ಲ. ಒಂದು ದಿನ ರಾಗಿ ಡಬ್ಬ ಇಟ್ಟು ಅಕ್ಕನ ಕಿವಿಯ ಹತ್ತಿರ ಬಂದಳು.

"ಅಕ್ಕೋ, ನಮ್ಮ ಹುಡುಗೀನ ನೋಡೋಕೆ ಗಂಡಿನ ಕಡೆಯೋರು ಬತ್ತವ್ರೆ. ಇವ್ಳು ನೋಡಿದ್ರೆ ಊದಿನಕಡ್ಡಿ ಇದ್ದಂಗವ್ಳೆ. ನೀನು ಯಾವ ಅಂಗಡಿ ಪುಡಿ ತಿಂತೀಯೋ ಅದೇ ಒಂದಿಷ್ಟು ಕೊಡು. ಕೆನ್ನೆ ತುಂಬಲಿ."

"ಹುಡುಗಿಗೆ ಮಂಡಿನೋವು ಐತಾ?"

"ಎಲ್ಲೀದು? ಜಿಂಕೆ ಇದ್ದಂಗೆ ಓಡ್ತಾಳೆ."

"ಹಂಗಾದ್ರೆ ಮೊದ್ಲು ಮದ್ವೆ ಮಾಡು. ನೋವು ತಾನಾಗೇ ಬತ್ತದೆ. ಆವಾಗ ಪುಡಿ ಕೊಡ್ತೀನಿ."

ಒಂದೇ ಮೈಕು

ನಾನು ಸೈಕಲ್ ಅಂಗಡಿ ಇಟ್ಟವನು. ಆದರೆ ಅನ್ಯಾಯ ಕಂಡರೆ ಪಂಕ್ಚರ್ ಅರ್ಧಕ್ಕೆ ಬಿಟ್ಟು ಏಳುತ್ತೇನೆ. ಊರೂರಲ್ಲಿ ಮುಖ ಉಬ್ಬಿದವರನ್ನು ನೋಡಿ ಅನುಮಾನ ಬಂತು. ತಿಳಿದ ಒಬ್ಬ ಡಾಕ್ಟರನ್ನು ಕೇಳಿದೆ. ಪುಡಿಯಲ್ಲಿ ಸ್ಟೀರಾಯ್ಡ್ ಇರಬಹುದು ಎಂದರು. ಅಷ್ಟು ಸಾಕಾಯಿತು. ಒಂದು ಆಟೋ ಹಿಡಿದು, ಮೇಲೆ ಮೈಕು ಕಟ್ಟಿಸಿ, ಹಿರೇನಲ್ಲೂರಿನಿಂದ ಹಿಡಿದು ಅಜ್ಜಂಪುರದ ಸಂತೆಬೀದಿಯವರೆಗೆ ಕೂಗಿಕೊಂಡು ಬಂದೆ.

"ಸ್ಟೀರಾಯ್ಡ್ ವಿಷ! ಪುಡಿ ಮಾರೋರಿಗೆ ಧಿಕ್ಕಾರ!"

ಜನ ನನ್ನನ್ನು ನೋಡಿ ನಗುತ್ತಿದ್ದರು. ಯಾಕೆ ಅಂತ ಆಟೋದವನನ್ನು ಕೇಳಿದೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡದೆ ಹೇಳಿದ:

"ಬೇಜಾರು ಮಾಡ್ಕೋಬೇಡಣ್ಣಾ. ಬೆಳಗ್ಗೆ ಇದೇ ಆಟೋ, ಇದೇ ಮೈಕು, ಪುಡಿಯೋರಿಗೆ ಬಾಡಿಗೆ ಹೋಗಿತ್ತು. ಬೆಳಗ್ಗೆ 'ಬನ್ನಿ ಬನ್ನಿ' ಅಂದಿದ್ದು ನಾನೇ."

ಅವನಿಗೆ ಬೈದು ಮುಗಿಸುವಷ್ಟರಲ್ಲಿ ಆಟೋ ಅಕ್ಕನ ಗಿರಣಿ ಮುಂದೆ ಬಂತು. ಅಕ್ಕ ಪುಡಿ ಬಿಟ್ಟಿದ್ದೇನೆ ಎಂದು ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ್ದಳು. ಹಾಗಾಗಿ ಅಲ್ಲಿ ಇನ್ನೂ ಜೋರಾಗಿ, ಹೆಮ್ಮೆಯಿಂದ ಕೂಗಿದೆ. ಅವಳು ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ ಬಿಚ್ಚಿದ ಪೊಟ್ಟಣ ಹಿಡಿದು ಬಾಗಿಲಿಗೆ ಬಂದಳು.

"ಲೇ, ಆ ಮೈಕು ಸ್ವಲ್ಪ ಹೊತ್ತು ಬಂದ್ ಮಾಡೋ. ನೀನು ಧಿಕ್ಕಾರ ಅಂದಾಗೆಲ್ಲ ಬೆಚ್ಚಿಬಿದ್ದು ಪುಡಿ ನೆತ್ತಿಗೇರ್ತದೆ."

ಡಾಕ್ಟರಿಗೂ ಒಂದು

ಪುಡಿ ನೋವನ್ನು ಮುಚ್ಚಿತ್ತೇ ಹೊರತು ಮಂಡಿ ಸವೆಯುವುದನ್ನು ನಿಲ್ಲಿಸಿರಲಿಲ್ಲ. ಕಾಲು ಸೊಟ್ಟಗಾಯಿತು. ಕಾಳಿನ ಡಬ್ಬ ಎತ್ತಿಕೊಂಡು ಗಿರಣಿಯ ಕಟ್ಟೆ ಹತ್ತುವಾಗ ಅಕ್ಕ ಹಲ್ಲು ಕಚ್ಚುವ ಸದ್ದು ನನಗೆ ಬಾಗಿಲವರೆಗೆ ಕೇಳುತ್ತಿತ್ತು. ಜಿಲ್ಲೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ನೋಡಿ ಮಂಡಿ ಬದಲಾಯಿಸಬೇಕು ಎಂದರು.

ಅಕ್ಕ ಹೆದರಲಿಲ್ಲ. "ಕಲ್ಲು ಸವೆದದೆ ಅಂತ ಹೇಳಿ ಡಾಕ್ಟ್ರೇ. ಗಿರಣಿ ಕಲ್ಲು ನಾವು ಬದಲಾಯಿಸಲ್ವಾ? ಹಂಗೇ."

"ಹಂಗೇ," ಎಂದರು ಡಾಕ್ಟರು. "ಯಾವುದಾದರೂ ಮಾತ್ರೆ ತಗೊಳ್ತಿದ್ದೀರಾ?"

"ಇಲ್ಲ."

"ಇಂಜೆಕ್ಷನ್?"

"ಇಲ್ಲ."

"ಇಷ್ಟು ಸವೆದ ಮಂಡೀಲಿ ನಿಂತ್ಕೊಂಡು ಕೆಲಸ ಮಾಡಿದ್ದೀರಿ. ನೋವಿಗೆ ಏನೂ ತಗೊಂಡಿಲ್ವಾ?"

"ದೇವ್ರ ಹೆಸ್ರು ತಗೊಂಡಿದ್ದೀನಿ."

ನಾನು ಬಾಯಿ ತೆರೆದೆ. ಅವಳು ಒಳ್ಳೆಯ ಕಾಲಿನಿಂದ ನನ್ನ ಪಾದ ತುಳಿದಳು. ಡಾಕ್ಟರು ಬಗ್ಗಿ ಮಂಡಿ ಒತ್ತಿ ನೋಡಿ, ಮೇಲೇಳುವಾಗ ಸೊಂಟ ಹಿಡಿದುಕೊಂಡು "ಅಮ್ಮಾ" ಎಂದರು. ಅಲ್ಲಿಗೆ ಅಕ್ಕನ ಗುಟ್ಟು ಮುಗಿಯಿತು. ಯಾರಿಗಾದರೂ ನೋವು ಅಂದರೆ ಸುಮ್ಮನೆ ನೋಡಿಕೊಂಡಿರುವ ಹೆಂಗಸಲ್ಲ ಅವಳು. ಎಲೆಅಡಿಕೆ ಚೀಲದ ದಾರ ಸಡಿಲಿಸಿ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು.

"ಬೆನ್ನಾ ಡಾಕ್ಟ್ರೇ? ಪಾಪ, ಇಡೀ ದಿನ ಬಗ್ಗಿ ಬಗ್ಗಿ ನೋಡ್ತೀರಿ. ಇದನ್ನ ಬಿಸಿನೀರಲ್ಲಿ ತಗೊಳ್ಳಿ, ಸಂಜೆಗೆ ಕುಣೀಬಹುದು. ನಾನು ಎಷ್ಟೋ ವರ್ಷದಿಂದ…"

ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡಳು. ಡಾಕ್ಟರು ಪೊಟ್ಟಣ ಬಿಚ್ಚಿ ನೋಡಿದರು, ಅಕ್ಕನ ಕೆನ್ನೆ ನೋಡಿದರು, ಕೈ ಮೇಲಿನ ನೀಲಿ ಕಲೆ ನೋಡಿದರು. ಬೇರೆಯವರಾಗಿದ್ದರೆ ಎಗರಾಡುತ್ತಿದ್ದರು. ನಾನು ಆಗಲೇ ಎಗರಾಡಲು ಎದ್ದು ನಿಂತಿದ್ದೆ. ಈ ಮನುಷ್ಯ ಕುರ್ಚಿ ಎಳೆದುಕೊಂಡು ಅವಳ ಮುಂದೆ ಕೂತರು. ಆ ಒಂದು ಕಾರಣಕ್ಕೆ ಇವತ್ತಿಗೂ ಅವರನ್ನು ಕಂಡರೆ ಕೈ ಮುಗಿಯುತ್ತೇನೆ, ಕೈ ಮುಗಿಯುವ ಅಭ್ಯಾಸ ನನಗೆ ಅಷ್ಟಾಗಿ ಇಲ್ಲ.

"ನೋಡಿ ಅಕ್ಕಾ, ಇದರಲ್ಲಿ ಸ್ಟೀರಾಯ್ಡ್ ಇರೋ ಹಂಗಿದೆ. ನಮ್ಮ ದೇಹವೂ ಒಳಗೆ ಅಂಥದೇ ಒಂದನ್ನ ದಿನಾ ತಯಾರು ಮಾಡ್ತದೆ. ವರ್ಷಗಟ್ಟಲೆ ಹೊರಗಿಂದ ಬರ್ತಾ ಇದ್ರೆ ಒಳಗಿನ ಕೆಲಸ ನಿಂತುಹೋಗ್ತದೆ. ಆಪರೇಷನ್ ಹೊತ್ತಲ್ಲಿ ದೇಹಕ್ಕೆ ಅದು ಇನ್ನೂ ಜಾಸ್ತಿ ಬೇಕು. ನಮಗೆ ಗೊತ್ತಿಲ್ಲದೆ ಮಂಡಿ ಬಿಚ್ಚಿದ್ರೆ ಬಿ.ಪಿ. ಕುಸಿದು ನೀವು ಟೇಬಲ್ ಮೇಲೇ ಹೋಗಿಬಿಡ್ತಿದ್ರಿ."

ಅಕ್ಕ ಚೀಲದ ದಾರ ಬಿಗಿದುಕೊಂಡಳು. "ಅಂದ್ರೆ ಹೊರಗಿನ ಹಿಟ್ಟು ಬಂತು ಅಂತ ನನ್ನ ಒಳಗಿನ ಗಿರಣಿ ಬಾಗ್ಲು ಹಾಕ್ಕೊಂಡದೆ."

"ಹೌದು. ಅದನ್ನ ತೆಗೆಸಬೇಕು, ನಿಧಾನಕ್ಕೆ. ಆಪರೇಷನ್ ಸ್ವಲ್ಪ ಮುಂದಕ್ಕೆ ಹಾಕೋಣ. ಅಲ್ಲೀವರೆಗೂ, ಆಮೇಲೂ ನಾನೇ ಲೆಕ್ಕ ಹಾಕಿ ಸ್ಟೀರಾಯ್ಡ್ ಮಾತ್ರೆ ಕೊಡ್ತೀನಿ. ಬಾವು ಇಳೀತದೆ, ನೋವೂ ತಡೀತದೆ. ಕ್ರಮೇಣ ಕಮ್ಮಿ ಮಾಡ್ತಾ ಬರ್ತೀನಿ. ಎಷ್ಟು, ಯಾವಾಗ ಅನ್ನೋದು ನನ್ನ ಕೆಲಸ. ನಡುವೆ ನಿಲ್ಲಿಸೋ ಹಂಗಿಲ್ಲ." ಹೀಗೆ ಹೇಳಿ ಪೊಟ್ಟಣ ಮಡಚಿ ಜೇಬಿಗೆ ಹಾಕಿಕೊಂಡರು. "ಇದನ್ನ ಪರೀಕ್ಷೆಗೆ ಕಳಿಸ್ತೀನಿ."

ಅಕ್ಕ ಕೈ ಚಾಚಿದಳು. "ನಿಮ್ಮ ಬೆನ್ನಿಗೆ ಅಂತ ಕೊಟ್ಟಿದ್ದು. ಪರೀಕ್ಷೆಗಾದ್ರೆ ಹಳೇದು ಐತೆ, ಅದನ್ನ ಕೊಡ್ತೀನಿ."

ಮೆಣಸಿನಕಾಯಿ ವಾರ್ಡು

ಪುಡಿಯಲ್ಲಿ ಸ್ಟೀರಾಯ್ಡ್ ಇದೆ ಎಂದೇ ಪರೀಕ್ಷೆಯ ವರದಿ ಬಂತು. ಆಪರೇಷನ್ ಆಯಿತು. ಅಕ್ಕ ಉಳಿದಳು. ಬಿ.ಪಿ. ಕುಸಿಯದಂತೆ ಏನೇನು ಕೊಡಬೇಕೋ ಎಲ್ಲ ಕೊಟ್ಟಿದ್ದರು. ಆದರೆ ಮಂಡಿ ಬದಲಾಯಿಸಿದ ನೋವು ಸಣ್ಣದಲ್ಲ. ನರ್ಸ್ ಹುಡುಗಿ ಬಂದು, "ನೋವು ಎಷ್ಟಿದೆ, ಒಂದರಿಂದ ಹತ್ತರೊಳಗೆ ಹೇಳಿ," ಎಂದಳು.

"ನೋವಿಗೆ ನಂಬರು ಹಾಕೋಕೆ ಅದೇನು ಬಸ್ಸಾ?"

"ಹೇಳಿದ್ರೆ ತಾನೇ ಔಷಧಿ ಕೊಡೋದು?"

ಅಕ್ಕ ಕಣ್ಣು ಮುಚ್ಚಿ ಯೋಚಿಸಿದಳು. "ಮೆಣಸಿನಕಾಯಿ," ಎಂದಳು.

ನರ್ಸ್ ನನ್ನ ಮುಖ ನೋಡಿದಳು. ಅಕ್ಕ ಅವಳಿಗೆ ಬಿಡಿಸಿ ಹೇಳಿದಳು. ಗಿರಣಿಯಲ್ಲಿ ಮೆಣಸಿನಕಾಯಿ ಹಾಕಿದ ದಿನ ಯಾರೂ ಹತ್ತಿರ ನಿಲ್ಲಲು ಆಗುವುದಿಲ್ಲ, ಕಣ್ಣು ಮೂಗು ಎಲ್ಲ ಉರಿ. ಜೋಳ ಹಾಕಿದರೆ ಗಡಗಡ ಸದ್ದು, ಆದರೆ ತಡೆಯಬಹುದು. ರಾಗಿ ಆದರೆ ಗುಂಯ್ ಅಂತ ಒಂದೇ ಸಮ, ಮಾತಾಡಿಕೊಂಡು ಇರಬಹುದು. ಅಕ್ಕಿ ಹಾಕಿದರೆ ಗಿರಣಿ ಓಡುತ್ತಿದೆ ಅಂತಲೇ ಗೊತ್ತಾಗುವುದಿಲ್ಲ.

ಹುಡುಗಿ ಚುರುಕು. ನಗದೆ, ತಲೆಯಾಡಿಸಿ, ಔಷಧಿ ತಂದಳು. ಸ್ವಲ್ಪ ಹೊತ್ತು ಬಿಟ್ಟು ಬಂದು ಕೇಳಿದಳು, "ಈಗ?"

"ಜೋಳಕ್ಕೆ ಇಳಿದದೆ."

ಪಕ್ಕದ ಬೆಡ್ಡಿನಲ್ಲಿ ಒಬ್ಬ ಹೆಂಗಸು ಆಪರೇಷನ್ ಆದಾಗಿನಿಂದ "ಪರವಾಗಿಲ್ಲ, ಪರವಾಗಿಲ್ಲ" ಅನ್ನುತ್ತಲೇ ಗೋಡೆ ಕಡೆ ತಿರುಗಿ ಮಲಗಿದ್ದಳು. ಡಾಕ್ಟರು ಕೇಳಿದರೂ ಪರವಾಗಿಲ್ಲ, ಗಂಡ ಕೇಳಿದರೂ ಪರವಾಗಿಲ್ಲ. ನಮ್ಮ ಹೆಂಗಸರಿಗೆ ನೋವು ಹೇಳುವುದನ್ನು ಯಾರೂ ಕಲಿಸಿಲ್ಲ, ನುಂಗುವುದನ್ನು ಎಲ್ಲರೂ ಕಲಿಸಿದ್ದಾರೆ. ಆ ಹೆಂಗಸು ಅಕ್ಕನ ಮಾತು ಕೇಳಿ ಮೆಲ್ಲಗೆ ಈ ಕಡೆ ತಿರುಗಿದಳು.

"ಸಿಸ್ಟರ್, ನಂದೂ ಮೆಣಸಿನಕಾಯೀನೇ ಕಣಮ್ಮಾ. ಅದೂ ಬ್ಯಾಡಗೀದಲ್ಲ, ಗುಂಟೂರಿಂದು."

ಮಾರನೇ ದಿನ ಡಾಕ್ಟರು ರೌಂಡ್ಸಿಗೆ ಬಂದಾಗ ಇಡೀ ವಾರ್ಡು ಗಿರಣಿಯಾಗಿತ್ತು. ನರ್ಸ್ ವರದಿ ಒಪ್ಪಿಸಿದಳು: "ಸರ್, ಈ ಸಾಲು ಪೂರ್ತಿ ರಾಗಿ. ಕಿಟಕಿ ಹತ್ತಿರದವರು ಬೆಳಗ್ಗೆ ಜೋಳ, ಈಗ ರಾಗಿ. ಮೂಲೆ ಬೆಡ್ಡು ಮಾತ್ರ ಇನ್ನೂ ಮೆಣಸಿನಕಾಯಿ."

ಡಾಕ್ಟರ ರೆಪ್ಪೆ ಅಲುಗಲಿಲ್ಲ. "ಮೂಲೆ ಬೆಡ್ಡಿಗೆ ಡೋಸು ಜಾಸ್ತಿ ಮಾಡಿ. ಅಕ್ಕಿ ಆಗದೆ ಯಾರನ್ನೂ ಮನೆಗೆ ಕಳಿಸಬೇಡಿ," ಎಂದು ಮುಂದೆ ಹೋದರು.

ಧಿಕ್ಕಾರ ಇಲ್ಲ

ಮನೆಗೆ ಬಂದೆವು. ಗಿರಣಿಯ ಹಿಂದಿನ ಕೋಣೆಯಲ್ಲೇ ಅಕ್ಕನ ಮಂಚ. ಮಾತ್ರೆಯಿಂದ ನೋವು ತಗ್ಗಿತ್ತು, ಹಸಿವು ಹೆಚ್ಚಿತ್ತು. ಕಾಣಲು ಬಂದವರು ತಂದ ಬಾಳೆಹಣ್ಣು ಅವರು ಎದ್ದು ಹೋಗುವ ಮೊದಲೇ ಖಾಲಿ. ಆಗ ಹೂವಿನವಳು ಬಂದಳು. ಮಾತ್ರೆಯ ಹಾಳೆ ಎತ್ತಿ ನೋಡಿದಳು.

"ಇದೇನಕ್ಕಾ?"

"ಸ್ಟೀರಾಯ್ಡ್ ಅಂತೆ."

ಹೂವಿನವಳು ಎದೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಶಿವನೇ! ವಿಷ ಅಲ್ವಾ? ನಿನ್ನ ತಮ್ಮನೇ ಮೈಕಲ್ಲಿ ಕೂಗಿಲ್ವಾ?" ಅಷ್ಟಕ್ಕೇ ಬಿಡಲಿಲ್ಲ. ನನ್ನ ಘೋಷಣೆಯನ್ನು ನನ್ನದೇ ರಾಗದಲ್ಲಿ, ಕೈ ಎತ್ತಿ ಕೂಗಿ ತೋರಿಸಿದಳು. ನನ್ನ ಹೋರಾಟದ ಬದುಕಿನಲ್ಲಿ ಒಂದು ಘೋಷಣೆಯನ್ನು ಯಾರಾದರೂ ಪೂರ್ತಿ ನೆನಪಿಟ್ಟುಕೊಂಡಿದ್ದು ಅದೇ ಮೊದಲು. ಅದೂ ತಪ್ಪು ಜಾಗದಲ್ಲಿ.

ಅಕ್ಕ ಯಾರಿಗೂ ಹೇಳದೆ ಮಾತ್ರೆಗಳನ್ನು ತೌಡಿನ ಚೀಲಕ್ಕೆ ಹಾಕತೊಡಗಿದಳು. ನೋವಿಲ್ಲ, ಮತ್ತೆ ವಿಷ ಯಾಕೆ ಎಂಬ ಲೆಕ್ಕ ಅವಳದು. ಸ್ವಲ್ಪ ದಿನಕ್ಕೆ ಬಾಳೆಹಣ್ಣು ಹಾಗೇ ಉಳಿಯಿತು. ವಾಂತಿ ಶುರುವಾಯಿತು. ತಲೆ ಎತ್ತಿದರೆ ಕಣ್ಣು ಕತ್ತಲೆ. ಊರೆಲ್ಲ ನಡುಗುವಂತೆ ಕೂಗುವ ಹೆಂಗಸು ನೀರು ಬೇಕು ಅನ್ನುವುದಕ್ಕೂ ದನಿ ಇಲ್ಲದೆ ಬೆರಳು ಅಲುಗಿಸಿದಳು. ನಾನು ಬೀದಿಗೆ ಓಡಿ ಕೂಗಿಕೊಂಡೆ. ಮೈಕಿನ ಆಟೋದವನೇ ಬಂದು ಅವಳನ್ನು ಮಗುವಿನಂತೆ ಎತ್ತಿ ಕೂರಿಸಿಕೊಂಡು ತರೀಕೆರೆ ಆಸ್ಪತ್ರೆಗೆ ಓಡಿಸಿದ.

ಅಲ್ಲಿದ್ದದ್ದು ಲೇಡಿ ಡಾಕ್ಟರು. ಮಂಡಿಯ ಹೊಲಿಗೆ ನೋಡಿ, ದುಂಡು ಮುಖ ನೋಡಿ, ಮೊದಲು ಕೇಳಿದ ಪ್ರಶ್ನೆಯೇ ಇದು: "ಯಾವ ಮಾತ್ರೆ ನಿಲ್ಲಿಸಿದ್ರಿ?"

"ತೌಡು," ಎಂದಳು ಅಕ್ಕ, ಅರ್ಧ ಪ್ರಜ್ಞೆಯಲ್ಲಿ. ನಾನು ಉಳಿದದ್ದು ಹೇಳಿದೆ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, ಪಕ್ಕದಲ್ಲೇ ನಿಂತರು. ಸಂಜೆ ಹೊತ್ತಿಗೆ ಅಕ್ಕನ ಕಣ್ಣಿಗೆ ಬೆಳಕು ಬಂತು.

"ಏನು ಕೊಟ್ಟೆ ತಾಯಿ? ಹೋದ ಜೀವ ಬಂದಂಗಾಯ್ತು."

"ಸ್ಟೀರಾಯ್ಡ್."

ಅಕ್ಕ ತಿರುಗಿ ನನ್ನನ್ನು ನೋಡಿದ ನೋಟ ಶತ್ರುವಿಗೂ ಬೇಡ. ಡಾಕ್ಟರೂ ನನ್ನ ಕಡೆ ತಿರುಗಿದರು. "ಮೈಕಲ್ಲಿ ಕೂಗಿದ್ದು ನೀವೇನಾ?"

"ನಾನೇ. ಪುಡಿ ಮಾರೋರ ವಿರುದ್ಧ ಕೂಗಿದ್ದು. ನಾಳೇನೂ ಕೂಗ್ತೀನಿ."

"ಕೂಗಿ, ನಾನೂ ಚಪ್ಪಾಳೆ ಹೊಡೀತೀನಿ. ಆದರೆ ಅರ್ಧ ಕೂಗಬೇಡಿ, ಪೂರ್ತಿ ಕೂಗಿ. ಡಾಕ್ಟರ್ ಹೇಳದೆ ಶುರು ಮಾಡಬೇಡಿ ಅನ್ನಿ. ಶುರು ಮಾಡಿದೋರು ಡಾಕ್ಟರ್ ಹೇಳದೆ ನಿಲ್ಲಿಸಬೇಡಿ ಅಂತಾನೂ ಅನ್ನಿ."

ಮಾತು ನ್ಯಾಯವಾಗಿತ್ತು. ನ್ಯಾಯವಾದ ಮಾತಿಗೆ ನಾನು ಎದುರು ಮಾತಾಡುವುದಿಲ್ಲ. ಅಕ್ಕ ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಅದೇ ಆಟೋ, ಅದೇ ಮೈಕು ಹಿಡಿದು ಮತ್ತೆ ಹೊರಟೆ. "ಡಾಕ್ಟರ್ ಹೇಳದ ಸ್ಟೀರಾಯ್ಡಿಗೆ ಧಿಕ್ಕಾರ!" ಚೆನ್ನಾಗಿ ಬಂತು. "ಡಾಕ್ಟರ್ ಲೆಕ್ಕ ಹಾಕಿ ಕೊಟ್ಟ ಸ್ಟೀರಾಯ್ಡಿಗೆ…" ಅಂತ ಎತ್ತಿದೆ, ಮುಂದೆ ಏನು ಅಂತ ತಿಳಿಯದೆ, "ಧಿಕ್ಕಾರ ಇಲ್ಲ!" ಅಂದೆ.

ಆಟೋದವನು ಬ್ರೇಕ್ ಹಾಕಿದ. "ಅಣ್ಣಾ, ಮೈಕು ನನಗೆ ಕೊಡು. ಧಿಕ್ಕಾರ ಇಲ್ಲ ಅಂತ ಕೂಗೋ ಹೋರಾಟಕ್ಕೆ ಯಾರಣ್ಣಾ ಬತ್ತಾರೆ?"

ತಮ್ಮನ ಹಿಟ್ಟು

ಹೊಸ ಮಂಡಿ ಕೂತರೆ ಸಾಲದು, ಬಗ್ಗಬೇಕು. ಮೊದಮೊದಲೇ ಬಗ್ಗಿಸದಿದ್ದರೆ ಬಿಗಿದುಕೊಳ್ಳುತ್ತದೆ, ಆಮೇಲೆ ಅಕ್ಕ ಕಟ್ಟೆ ಹತ್ತುವುದು ಕನಸು. ಅದಕ್ಕಾಗಿ ಕಡೂರಿನಿಂದ ಫಿಸಿಯೋಥೆರಪಿ ಹುಡುಗಿ ಒಬ್ಬಳು ಸ್ಕೂಟರಿನಲ್ಲಿ ಬರುತ್ತಿದ್ದಳು. ಇರುವುದು ಹಿಡಿಯಷ್ಟು, ದನಿ ಮಾತ್ರ ನನ್ನ ಮೈಕನ್ನು ಮೀರಿಸುವಂಥದು.

"ಬಗ್ಗಿಸಿ."

"ಬಗ್ಗಲ್ಲ ಕಣೇ. ನಿಮ್ಮವ್ವ ನಿನಗೆ ಕರುಣೆ ಅನ್ನೋದು ಕಲಿಸಿಲ್ವಾ?"

"ಕಲಿಸಿದ್ರು. ಕಾಲೇಜಲ್ಲಿ ಬಿಡಿಸಿದ್ರು. ನೋವು ಎಷ್ಟಿದೆ?"

"ಜೋಳ."

"ಜೋಳಕ್ಕೆ ಬಗ್ಗಿಸಬಹುದು. ಮೆಣಸಿನಕಾಯಿ ಆದ್ರೆ ಹೇಳಿ, ಡಾಕ್ಟರಿಗೆ ಫೋನ್ ಮಾಡ್ತೀನಿ. ಮಾತ್ರೆ ಕೊಟ್ಟಿರೋದು ನೀವು ಮಲಗೋಕಲ್ಲ, ಬಗ್ಗಿಸೋಕೆ."

ಅಕ್ಕ ಬೈಯುತ್ತಲೇ ಬಗ್ಗಿಸುತ್ತಿದ್ದಳು, ಬಗ್ಗಿಸುತ್ತಲೇ ಅಳುತ್ತಿದ್ದಳು, ಅಳುತ್ತಲೇ ಆ ಹುಡುಗಿಗೆ ಊಟ ಹಾಕಿಸುತ್ತಿದ್ದಳು. ಕಾಳು ಬೀಸಿಸಲು ಬಂದ ಹೆಂಗಸರು ಬೆಂಚಿನ ಮೇಲೆ ಕೂತು ನೋಡಿ ನೋಡಿ ತಾವೂ ಕಾಲು ಬಗ್ಗಿಸಿ ಚಾಚಲು ಶುರು ಮಾಡಿದರು. ಹೊರಗಿನಿಂದ ನೋಡಿದವರಿಗೆ ಗಿರಣಿಯಲ್ಲಿ ಡ್ರಿಲ್ ಕ್ಲಾಸ್ ನಡೆದಂತೆ ಕಾಣುತ್ತಿತ್ತು.

ಇಷ್ಟಾದರೂ ವಾಕರ್ ಬಿಟ್ಟು ಒಂದು ಹೆಜ್ಜೆ ಇಡಲು ಅಕ್ಕ ಒಪ್ಪಲಿಲ್ಲ. ಬಿದ್ದುಬಿಟ್ಟರೆ ಎಂಬ ಭಯ. ಅವಳು ಭಯಪಟ್ಟಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ನೋಡಲು ಕಷ್ಟವಾಯಿತು.

ಆ ದಿನಗಳಲ್ಲಿ ಗಿರಣಿ ನಡೆಸುತ್ತಿದ್ದವನು ನಾನು. ನಾನು ಬೀಸಿದ ರಾಗಿಹಿಟ್ಟಿನ ಬಗ್ಗೆ ಊರಲ್ಲಿ ಬೇರೆ ಬೇರೆ ಅಭಿಪ್ರಾಯ ಇರಲಿಲ್ಲ, ಒಂದೇ ಇತ್ತು. ಒಬ್ಬ ಯಜಮಾನರು ಡಬ್ಬ ವಾಪಸ್ ತಂದು, "ಇದರಲ್ಲಿ ಮುದ್ದೆ ಆಗಲ್ಲ, ಗೋಡೆಗೆ ಗಾರೆ ಮಾಡಬಹುದು" ಎಂದರು. ಒಳಗೆ ಫಿಸಿಯೋ ಹುಡುಗಿಯ ಕೈಗೆ ಕಾಲು ಕೊಟ್ಟು ಕೂತಿದ್ದ ಅಕ್ಕನಿಗೆ ಇದು ಕೇಳಿತು. ಕಲ್ಲಿನ ಸದ್ದನ್ನೂ ಕಿವಿಗೊಟ್ಟು ಕೇಳಿದಳು.

"ಲೇ, ಕಲ್ಲು ಸಡಿಲ ಐತೆ. ಬಿಗಿ ಮಾಡು."

ನಾನು ತಿರುಪು ತಿರುಗಿಸಿದೆ. ಗಿರಣಿ ಕಿರುಚಿತು.

"ಅದಲ್ಲ ಕಣೋ, ಆ ಕಡೇದು!"

ನಾನು ಆ ಕಡೆಯದನ್ನು ತಿರುಗಿಸಿದೆ. ಸುಟ್ಟ ವಾಸನೆ ಬಂತು. ಮುಂದಿನ ಕ್ಷಣ ನನ್ನ ಕೈಯನ್ನು ಯಾರೋ ಪಟ್ಟನೆ ಹೊಡೆದು ಸರಿಸಿದರು. ನೋಡಿದರೆ ಅಕ್ಕ. ವಾಕರ್ ಒಳಗೇ ಇದೆ. ಸೆರಗು ಸಿಕ್ಕಿಸಿಕೊಂಡು, ಎರಡು ಕಾಲ ಮೇಲೆ ನಿಂತು, ತಿರುಪು ಹಿಡಿದು, ಕಲ್ಲಿನ ಸದ್ದನ್ನು ರಾಗಿಯ ಗುಂಯ್‌ಗೆ ತಂದು ನಿಲ್ಲಿಸಿದಳು. ಆಮೇಲೆ ತಾನು ನಿಂತಿರುವುದನ್ನು ತಾನೇ ನೋಡಿಕೊಂಡಳು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ, ಹಿಟ್ಟು ಕಣ್ಣಿಗೆ ಬಿದ್ದಿತ್ತು ಎಂದು ಇಟ್ಟುಕೊಳ್ಳಿ.

ಫಿಸಿಯೋ ಹುಡುಗಿ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನಾನು ಇಷ್ಟು ದಿನ ಗಂಟಲು ಹರ್ಕೊಂಡಿದ್ದು ದಂಡ. ನಿಮ್ಮ ತಮ್ಮನ ಹಿಟ್ಟನ್ನ ಮೊದಲ ದಿನವೇ ತೋರಿಸಬೇಕಿತ್ತು."

ಬಸ್ಸೇ ಬಂತು

ಅಕ್ಕನ ಮಾತ್ರೆ ಕಮ್ಮಿಯಾಗುತ್ತಾ ಅರ್ಧಕ್ಕೆ ಬಂದಿತ್ತು. ತರೀಕೆರೆ ಡಾಕ್ಟರಿಗೆ ತೋರಿಸಲು ಹೋಗಬೇಕಿತ್ತು. ಹೊರಡುವ ಹಿಂದಿನ ದಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸರನ್ನು ಅಕ್ಕ ಒಬ್ಬೊಬ್ಬರನ್ನಾಗಿ ದಿಟ್ಟಿಸಿದಳು.

"ಪುಡಿ ತಿನ್ನೋರು ಯಾರ್ಯಾರು?"

ಎಲ್ಲರೂ ಗೋಡೆ ನೋಡಿದರು. ಅಕ್ಕ ತನ್ನ ಎಲೆಅಡಿಕೆ ಚೀಲ ಬೋರಲು ಹಾಕಿದಳು. "ನಾನು ತಿಂತಿದ್ದೆ. ಸಾಯೋಕೆ ಹೋಗಿದ್ದೆ. ಈಗ ಹೇಳಿ."

ಮೊದಲು ಹೂವಿನವಳು ಸೆರಗಿನ ಗಂಟು ಬಿಚ್ಚಿದಳು. ಆಮೇಲೆ ಒಬ್ಬೊಬ್ಬರ ಸೊಂಟದಿಂದ, ಪರ್ಸಿನಿಂದ, ಒಬ್ಬಳ ತಲೆಯ ಗಂಟಿನಿಂದಲೂ ಪೊಟ್ಟಣ ಬಂದವು. ಹೂವಿನವಳು ತನ್ನದನ್ನು ಮೋರಿಗೆ ಎಸೆಯಲು ಎದ್ದಳು. ಅಕ್ಕ ಅವಳ ಜುಟ್ಟು ಹಿಡಿದಳು.

"ಬಿಸಾಕಿದ್ರೆ ನನ್ನಂಗೇ ಬೀಳ್ತೀಯ! ತುಂಬಿದ ಗಿರಣೀನ ದಿಢೀರಂತ ಆಫ್ ಮಾಡ್ತಾರೇನೇ? ನಾಳೆ ಡಾಕ್ಟರ ಹತ್ರ ತಗೊಂಡು ನಡಿ."

ಮಾರನೇ ದಿನ ಖಾಸಗಿ ಬಸ್ಸಿಗೆ ಅಷ್ಟೂ ಜನ ಹತ್ತಿದರು, ಅಕ್ಕ ಎಲ್ಲರಿಗಿಂತ ಮುಂದೆ. ಕಂಡಕ್ಟರ್ ಕೇಳಿದ, "ಏನಮ್ಮಾ, ಎಲ್ರೂ ಒಟ್ಟಿಗೆ? ಮದ್ವೆಗಾ?"

"ಆಸ್ಪತ್ರೆಗೆ. ಮಂಡಿನೋವಿನ ಪುಡಿ ತೋರಿಸೋಕೆ." ಅಕ್ಕ ದನಿ ತಗ್ಗಿಸುವವಳಲ್ಲ. ತಾನು ಹೇಗೆ ಬಿದ್ದೆ, ಹೇಗೆ ಎದ್ದೆ, ಎಲ್ಲವನ್ನೂ ಇಂಜಿನ್ ಸದ್ದಿನ ಮೇಲೆ ಹೇಳಿದಳು. ಮುಂದಿನ ಸೀಟಿನವರೂ ತಿರುಗಿ ಕೂತು ಕೇಳಿದರು. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ಮುಂದೆ ಹೋಗಿ ಡ್ರೈವರ್ ಕಿವಿಯಲ್ಲಿ ಏನೋ ಹೇಳಿದ.

ತರೀಕೆರೆಯಲ್ಲಿ ಬಸ್ಸು ಸ್ಟ್ಯಾಂಡಿನ ಕಡೆ ತಿರುಗಲಿಲ್ಲ. ನೇರ ಆಸ್ಪತ್ರೆ ಗೇಟಿನೊಳಗೆ ಬಂದು ನಿಂತಿತು. ಇಂಜಿನ್ ಆಫ್. ತುಂಬಿದ ಬಸ್ಸು ಒಳಗೆ ನುಗ್ಗಿದ್ದು ಕಂಡು ಲೇಡಿ ಡಾಕ್ಟರು ಸ್ಟೆತಸ್ಕೋಪು ಹಿಡಿದುಕೊಂಡು ಓಡಿ ಬಂದರು. ಹಿಂದೆ ಸ್ಟ್ರೆಚರೂ ಬಂತು.

"ಏನಾಯ್ತು? ಆಕ್ಸಿಡೆಂಟಾ?"

"ಅಲ್ಲ ತಾಯಿ," ಎಂದಳು ಅಕ್ಕ ಇಳಿಯುತ್ತಾ. "ಪುಡಿ."

ಅವಳ ಹಿಂದೆ ಹೆಂಗಸರು ಇಳಿದರು. ಆಮೇಲೆ ಡ್ರೈವರ್ ತನ್ನ ಬಾಗಿಲಿಂದ ಒಂದು ಕಾಲು ಎಳೆದುಕೊಂಡು ಇಳಿದ. ಜೇಬಿನಿಂದ ಪೊಟ್ಟಣ ತೆಗೆದು ನಾಚಿಕೊಂಡು ನಿಂತ. "ಕ್ಲಚ್ ಕಾಲು ಮೇಡಂ."

ಕಂಡಕ್ಟರ್ ಟಿಕೆಟ್ ಚೀಲದಿಂದ ತನ್ನದು ತೆಗೆದ. "ನಿಂತೂ ನಿಂತೂ ಮೇಡಂ."

ಅವರಿಬ್ಬರನ್ನು ನೋಡಿ ಧೈರ್ಯ ಬಂದು ಬಸ್ಸಿನಿಂದ ಇನ್ನೊಬ್ಬರು ಇಳಿದರು, ಮತ್ತೊಬ್ಬರು ಇಳಿದರು. ಯಾರ್ಯಾರು ಯಾರಿಗೂ ಹೇಳದೆ ಎಷ್ಟು ದಿನದಿಂದ ತಿನ್ನುತ್ತಿದ್ದರೋ, ಎಲ್ಲರ ಕೈಯಲ್ಲೂ ಒಂದೊಂದು ಪೊಟ್ಟಣ. ಸಾಲು ಮೆಟ್ಟಿಲು ದಾಟಿ ಅಂಗಳಕ್ಕೆ ಬಂತು. ಡಾಕ್ಟರು ಸ್ಟ್ರೆಚರ್ ಮೇಲೆ ಒಂದು ಹಾಳೆ ಹಾಸಿ, ಪೊಟ್ಟಣಗಳನ್ನೆಲ್ಲ ಅದರ ಮೇಲೆ ಇಡಿಸಿದರು. ಯಾರಿಗೂ ಒಂದು ಬಿರುಸು ಮಾತು ಆಡಲಿಲ್ಲ.

ಬಸ್ಸಿನಲ್ಲಿ ಉಳಿದದ್ದು ಒಬ್ಬರೇ. ಬಿಳಿ ಪಂಚೆ, ಕಂಕುಳಲ್ಲಿ ಫೈಲು. ಕಿಟಕಿಯಿಂದ ತಲೆ ಹಾಕಿ ಕೂಗಿದರು.

"ಏನ್ರೀ ಇದು ಅನ್ಯಾಯ! ನಾನು ಕೋರ್ಟಿಗೆ ಹೋಗ್ಬೇಕು! ನನ್ನ ಮಂಡಿ ಕಬ್ಬಿಣ ಇದ್ದಂಗೈತೆ, ನಾನ್ಯಾಕೆ ಕಾಯಬೇಕು? ಡ್ರೈವರ್, ಬಾರಯ್ಯಾ! ಬರ್ದಿದ್ರೆ ನಾನೇ ಇಳಿದು ಬತ್ತೀನಿ ನೋಡು!"

"ಬನ್ನಿ ಯಜಮಾನ್ರೇ," ಎಂದಳು ಅಕ್ಕ.

ಯಜಮಾನರು ರೋಷದಿಂದ ಎದ್ದು ಬಂದರು. ಮೊದಲ ಮೆಟ್ಟಿಲಿಗೆ ಕಾಲಿಟ್ಟರು. "ಅಯ್ಯಯ್ಯಪ್ಪಾ!" ಎಂದು ಕಂಬಿ ಹಿಡಿದು ನಿಂತುಬಿಟ್ಟರು. ಕಂಕುಳಿನ ಫೈಲು ಜಾರಿ ಕೆಳಗೆ ಬಿತ್ತು. ಕಾಗದಗಳ ನಡುವಿನಿಂದ ಪುಡಿ ಪೊಟ್ಟಣಗಳ ಒಂದು ಪೂರ್ತಿ ಸರ ಅಂಗಳದಲ್ಲಿ ಬಿಚ್ಚಿಕೊಂಡಿತು.

ಯಾರೂ ನಗಲಿಲ್ಲ, ಅಂದರೆ ನಗದಿರಲು ಎಲ್ಲರೂ ಬಹಳ ಕಷ್ಟಪಟ್ಟರು. ಹೂವಿನವಳು ಗೌರವದಿಂದ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ಕಬ್ಬಿಣದ ಮಂಡಿಯೋರು ಮುಂದೆ ಬನ್ನಿ ಸ್ವಾಮಿ. ನಮ್ಮದೆಲ್ಲ ಬರೀ ಮೂಳೆ."

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲೂ ಒಂದು ಮಂಡಿ ಇದೆ. ಈಗಲೇ ಎದ್ದು ಹೋಗಿ ಕೇಳಿ: ನೋವಿಗೆ ಏನು ನುಂಗುತ್ತಿದ್ದೀಯ, ತೋರಿಸು. ಇಲ್ಲ ಅಂದರೆ ಇನ್ನೊಮ್ಮೆ ಕೇಳಿ. ಬೈಯಬೇಡಿ. ಕಿತ್ತುಕೊಳ್ಳಬೇಡಿ. ಬಿಸಾಕಬೇಡಿ. ಕೈಹಿಡಿದು ಕರೆದುಕೊಂಡು ಹೋಗಿ, ಆ ಪೊಟ್ಟಣವನ್ನು ಡಾಕ್ಟರ ಮೇಜಿನ ಮೇಲೆ ಇಡಿ. ಇದರಲ್ಲಿ ಏನಿದೆ, ಇದನ್ನು ಹೇಗೆ ಬಿಡಿಸುತ್ತೀರಿ, ಅಲ್ಲಿಯವರೆಗೆ ನೋವಿಗೆ ಏನು ಕೊಡುತ್ತೀರಿ ಎಂದು ಕೇಳಿ. ಮೂರಕ್ಕೂ ಉತ್ತರ ಸಿಗುವ ತನಕ ಆ ಕುರ್ಚಿಯಿಂದ ಏಳಬೇಡಿ.